ಗೋಡೆಯ ಬಿರುಕು, ಕಾಗದದ ಮೇಲೆ

೧೪ ಮಾರ್ಚ್ ೧೯೮೨, ರವಿವಾರ, ಮಾನ್ವಿ

ನನ್ನ ಕುಂಚದ ಅಕ್ಷರಗಳಿಂದ ರಾಯಚೂರಿನ ಪ್ರೆಸ್ಸೊಂದು ಅಚ್ಚಿನ ಬ್ಲಾಕ್ ಮಾಡಿಸಿಕೊಂಡಿದೆ. ಹೇಳಿದವನು ದೇವದುರ್ಗದ ಪೇಂಟರ್ ಹುಸೇನಪ್ಪ. ಅವನು ತಂದ ಬೀಜದಂಗಡಿಯ ಪೋಸ್ಟರಿನಲ್ಲಿ ‘ಹತ್ತಿ’ಯ ಹ ನಡುವೆ ಸೀಳಿದೆ. ಗಿರಾಕಿಗಳು ನೋಡಿ ಆರಿಸಲೆಂದು ನನ್ನ ಅಂಗಡಿಯ ಹೊರಗೋಡೆಗೆ ಇಡೀ ವರ್ಣಮಾಲೆ ಬರೆದಿದ್ದೇನೆ. ಅಲ್ಲಿ ಹ ಬಿದ್ದಿರುವುದು ಬಿರುಕಿನ ಮೇಲೆ. ಕಳ್ಳರು ಫೋಟೋ ಹಿಡಿದು ಬಿರುಕನ್ನೂ ಅಚ್ಚು ಹಾಕಿದ್ದಾರೆ.

ಮಧ್ಯಾಹ್ನ ರಾಯಚೂರಿಗೆ ಹೋಗಿ ಕೇಳಿದೆ. ಪ್ರೆಸ್ಸಿನ ಮಾಲೀಕ ವೆಂಕೋಬ ಕುರ್ಚಿಯಿಂದ ಏಳಲಿಲ್ಲ.

“ಗ್ವಾಡಿ ಮ್ಯಾಲ ಬರದದ್ದು ಊರಿಗೆಲ್ಲ ಸೇರಿದ್ದು ತಗೋರಿ. ಮಂಗಳವಾರ ಬಂದು ಉಳಿದ ಅಕ್ಷರದ್ದೂ ಫೋಟೋ ಹಿಡಿತೀನಿ. ರಸ್ತಿ ಮ್ಯಾಲ ನಿಂತು ಹಿಡದ್ರ ಯಾರು ಬ್ಯಾಡಂತಾರ? ಆಮ್ಯಾಲ ಪೇಂಟರನ್ನ ಕರಿಯೋ ಕೆಲಸನೇ ಇಲ್ಲ.”

“ಆ ಬಿರುಕು?”

“ಮಂದಿ ಅದನ್ನ ಸ್ಟೈಲ್ ಅಂತಾರ್ರಿ!”

ಕೆಲಸದವರೂ ನಕ್ಕರು. ಆ ನಗು ಇನ್ನೂ ಕಿವಿಯಲ್ಲಿದೆ. ಆ ಹ ನನಗೆ ಕೂಡಿಬರಲು ವರ್ಷಗಳು ಹಿಡಿದವು. ಕುಂಚ ಒಣಗುತ್ತ ಬರುವಾಗಲೇ ಅದರ ಬಾಲ ಎಳೆಯಬೇಕು. ಅವನಿಗೆ ಅದೇನು ಗೊತ್ತು, ಹಂದಿ.

“ಬಿಡ್ರಿ ಅಣ್ಣಾ, ದೊಡ್ಡ ಮಂದಿ,” ಎಂದ ಜೊತೆಗೆ ಬಂದಿದ್ದ ಹುಸೇನಪ್ಪ. ಬಿಡುವುದಿಲ್ಲ. ಇಂಥ ಗೋಡೆ ಇನ್ನೊಮ್ಮೆ ಬರೆಯಲು ನನ್ನಿಂದ ಆಗಲಿಕ್ಕಿಲ್ಲ, ಆದರೂ.

ಸುಣ್ಣ ನೆನೆಹಾಕಿದ್ದೇನೆ. ಅವನು ಬರುವ ಮೊದಲೇ, ನಾಳೆ ಬೆಳಗ್ಗೆ ಗೋಡೆಗೆ ಎರಡು ಕೈ ಬಳಿದು ಅಳಿಸುವುದು, ಅ ಇಂದ ಶುರು.