ಎರಡು ಕೂಣಿ, ಒಂದು ಕುಚ್ಚು ಮೀನು

ತೊಗರ್ಸಿ
ಮೇ ೧೯೫೮

ಸೊರಬದ ಆಸ್ಪತ್ರೆಯಲ್ಲಿ ಮಲಗಿರುವ ಬೀಗರಾದ ಉಚ್ಚಂಗಪ್ಪನವರಿಗೆ ಗುತ್ಯಪ್ಪನ ನಮಸ್ಕಾರ.

ತಲೆಗೆ ಹೊಲಿಗೆ ಹಾಕಿದ್ದಾರಂತೆ. ಓದುತ್ತಾ ನಗಬೇಡಿ, ಬಿಚ್ಚೀತು.

ಕೆರೆಬೇಟೆಯಲ್ಲಿ ಬುಟ್ಟಿಯಂಥ ಬಿದಿರಿನ ಕೂಣಿಯನ್ನು ಮೊದಲು ಕವುಚಿದವನಿಗೇ ಮೀನು. ಅವತ್ತು ನಿಮ್ಮ ಕೂಣಿಯೂ ನನ್ನ ಮಗ ಯಲ್ಲಪ್ಪನ ಕೂಣಿಯೂ ಒಂದೇ ಕುಚ್ಚು ಮೀನಿನ ಮೇಲೆ ಒಟ್ಟಿಗೆ ಬಿದ್ದವು. "ಬಿಡಲೇ, ಹೆಣ್ಣು ಕೊಟ್ಟೀನಿ, ಮೀನೂ ಕೊಡ್ಬೇಕೇನ್ಲೇ?" ಅಂದಿರಿ. ಕೂಣಿಯ ಅಂಚಿನಿಂದ ಅಳಿಯನ ಬೆರಳು ಜಜ್ಜಿದಿರಿ. ಮೂಳೆ ಮುರಿದ ಸದ್ದು ಏರಿಯ ಮೇಲಿದ್ದ ನನಗೂ ಕೇಳಿತು. ಅವನು ಬಡಿಗೆ ಎತ್ತಿ ನಿಮ್ಮ ತಲೆಗೆ ಬಡಿದ. ನೀವು ಬಿದ್ದ ಮೇಲೂ ಬಡಿದ. ಕೆಸರು ಕೆಂಪಾಯಿತು. ಅಷ್ಟರಲ್ಲಿ ಮೀನು ಜಾರಿಕೊಂಡು, ಹಾವಿನ ಹಾಗೆ ಹುಲ್ಲಿನಲ್ಲಿ ತೆವಳಿ ಪಕ್ಕದ ಹೊಂಡ ಸೇರಿತು. ನೀರಿಲ್ಲದೆಯೂ ಉಸಿರಾಡುವ ಜಾತಿ ಅದು. ಉಸಿರು ಕಟ್ಟಿದ್ದು ನಮಗೆ.

ಯಲ್ಲಪ್ಪ ಠಾಣೆಯಲ್ಲಿದ್ದಾನೆ. ಪೊಲೀಸರು ಇವತ್ತು ನಿಮ್ಮ ಹೇಳಿಕೆಗೆ ಬರುತ್ತಾರೆ. ಬೀಗರೂ ನೀವೇ, ಬೀಗದ ಕೈಯೂ ನಿಮ್ಮದೇ. ಕಾಲು ಜಾರಿ ಕಲ್ಲಿನ ಮೇಲೆ ಬಿದ್ದೆ ಅನ್ನಿ.

ನಿಮ್ಮ ಮಗಳು ಲೋಕಮ್ಮ ಅಳುತ್ತಿಲ್ಲ. "ಅಪ್ಪ ಉಳಿದ್ರೆ ಗಂಡ ಜೈಲಿಗೆ, ಅಪ್ಪ ಹೋದ್ರೆ ಗಂಡ ಗಲ್ಲಿಗೆ. ದೇವ್ರಿಗೆ ಏನಂತ ಬೇಡ್ಕೊಳ್ಲಿ ಮಾವ?" ಅಂದಳು. ಊರನ್ನೆಲ್ಲ ನಗಿಸುವ ನಾನು ಎದ್ದು ಅವಳ ಒಲೆಗೆ ಸೌದೆ ಇಟ್ಟೆ.

ಅವಳು ಎರಡು ಬುತ್ತಿ ಕಟ್ಟಿದ್ದಾಳೆ. ಒಂದನ್ನು ನಾನು ಠಾಣೆಗೆ ಒಯ್ಯುತ್ತೇನೆ. ಇನ್ನೊಂದರ ಜೊತೆ ಈ ಕಾಗದ ಹಿಡಿದು ಅವಳೇ ನಿಮ್ಮ ಹತ್ತಿರ ಬಂದಿದ್ದಾಳೆ. ಪೊಲೀಸರಿಗೆ ಏನು ಹೇಳುವುದಿದ್ದರೂ ಅವಳ ಮುಖ ನೋಡಿಕೊಂಡು ಹೇಳಿ.

ನಿಮ್ಮ ಅಳಿಯನ ಅಪ್ಪ,
ಗುತ್ಯಪ್ಪ