ಅಟ್ಟದ ಮೇಲಿನ ಕಾಮಕಸ್ತೂರಿ

ಮಾರ್ಚ್ 3
ಬೆಳಗ್ಗೆ ಮತ್ತೆ ಡ್ರೈಯರ್‌ಗೆ ಕಾಮಕಸ್ತೂರಿ ಎಲೆ ತುಂಬಿದ್ದಾಯಿತು. ಬೇಗ ಒಣಗಲಿ ಎಂದು ಭಾವ ಬಿಸಿ ಏರಿಸಿದರು. ಮಧ್ಯಾಹ್ನಕ್ಕೇ ಎಲೆ ಗರಿಗರಿ. ಭಟ್ಟಿ ಇಳಿಸಿದರೆ ನೀರಿನ ಮೇಲೆ ಎಣ್ಣೆ ಇದೆಯೋ ಇಲ್ಲವೋ ಎಂಬಷ್ಟು ತೆಳು. ವಾಸನೆ ಒಣಹುಲ್ಲಿನದು. ಅಕ್ಕನಿಗೆ ಸೀಸೆ ಕೊಟ್ಟೆ. ಮೂಗಿಗೆ ಹಿಡಿದಳು, ಕಣ್ಣು ಮುಚ್ಚಿದಳು, ಚೆನ್ನಾಗಿದೆ ಎಂದಳು.
ನನಗೇ ಶೀತವಿರಬೇಕು. ಅಕ್ಕನ ಮೂಗು ತಪ್ಪಿದ್ದೇ ಇಲ್ಲ. ಅದರ ಮೇಲೇ ಈ ಕಸುಬು ನಿಂತಿರುವುದು.

ಮಾರ್ಚ್ 6
ಸಾಬೂನಮ್ಮ ಎಣ್ಣೆ ವಾಪಸ್ ಕಳಿಸಿದ್ದಾರೆ. (ಸಾಬೂನು ಮಾಡುವವರು. ಈ ಹೆಸರು ಅವರ ಕಿವಿಗೆ ಬಿದ್ದರೆ ನಮ್ಮ ಗತಿ ಅಷ್ಟೇ.) ಇನ್ನೊಮ್ಮೆ ಹೀಗಾದರೆ ಬೇರೆ ಕಡೆ ನೋಡಿಕೊಳ್ಳುತ್ತಾರಂತೆ. ಅವರನ್ನು ಬಿಟ್ಟರೆ ನಮಗೆ ದೊಡ್ಡ ಗಿರಾಕಿ ಇಲ್ಲ. ಭಾವ ಎಲೆಯನ್ನು ಬೈದರು. ಅಕ್ಕ ವಾಪಸ್ ಬಂದ ಸೀಸೆಗಳನ್ನು ಒಳಗೆ ಎತ್ತಿಟ್ಟಳು.

ಮಾರ್ಚ್ 7, ಮಧ್ಯಾಹ್ನ
ಹಾಲು ಸೀದ ವಾಸನೆ ಅಂಗಳದವರೆಗೂ ಬಂತು. ಒಳಗೆ ಓಡಿದೆ. ಅಕ್ಕ ಒಲೆಗೆ ಬೆನ್ನು ಹಾಕಿ ಬಟ್ಟೆ ಮಡಿಸುತ್ತಿದ್ದಾಳೆ, ಏನೋ ಗುನುಗುತ್ತಾ.
ಒಲೆ ಆರಿಸಿದೆ. ಅಕ್ಕ ತಿರುಗಿ ಸೀದ ಪಾತ್ರೆ ನೋಡಿದಳು.
"ಜ್ವರ ಬಂದಿತ್ತಲ್ಲ, ಆವಾಗಿಂದ," ಎಂದಳು. "ವಾಸನೆ ಏನೂ ಗೊತ್ತಾಗಲ್ಲ ಕಣೇ. ನಿಮ್ಮ ಭಾವಂಗೆ ಹೇಳ್ಬೇಡ."
ಡಾಕ್ಟರು ಕಾಯಿರಿ ಎಂದಿದ್ದಾರಂತೆ. ಬಂದರೂ ಬರಬಹುದು… ಬರದೆಯೂ ಇರಬಹುದು.

ಮಾರ್ಚ್ 9
ಡ್ರೈಯರ್ ಬಿಸಿಗೇ ಘಮ ಹಾರುತ್ತಿದೆ ಅನಿಸಿ ಒಂದು ತಟ್ಟೆ ಎಲೆ ಬಿಸಿಲಿಗಿಟ್ಟೆ. ಎಲೆ ಬಿಳಿಚಿಕೊಂಡಿತು, ಘಮವೂ ಪೇಲವ. ಉಳಿದದ್ದನ್ನೆಲ್ಲ ಅಟ್ಟಕ್ಕೆ ಸಾಗಿಸಿ ಬಲೆಯ ಮೇಲೆ ಹರಡಿದೆ. ನೆರಳು, ಎರಡೂ ಕಿಟಕಿಯಿಂದ ಗಾಳಿ. ವಾರವಾದರೂ ಬೇಕು. ಬೂಷ್ಟು ಹಿಡಿದರೆ ನನ್ನನ್ನು ಕೇಳಬೇಡ ಎಂದರು ಭಾವ. ಕೇಳುವುದಿಲ್ಲ ಎಂದೆ.

ಮಾರ್ಚ್ 13
ಊಟ ಆದಮೇಲೆ ಎಲೆಗಳ ನಡುವೆ ಮಲಗಿದ್ದೆ. ನಿದ್ದೆಯೋ ಎಚ್ಚರವೋ. ಬಲೆ ಉಸಿರಾಡಿದ ಹಾಗೆ ಏರಿ ಇಳಿಯುತ್ತಿತ್ತು. ನಾನೂ ಹಗುರವಾಗಿ, ಅಂಚು ಮುದುಡಿ, ಇನ್ನೇನು ತೇಲಬೇಕು… ಕಣ್ಣು ಬಿಟ್ಟರೆ ಪಕ್ಕದಲ್ಲಿ ಅಕ್ಕ ಮಲಗಿದ್ದಾಳೆ.
"ಹೇಗಿದೆ ವಾಸನೆ? ಹೇಳು."
ಮೊದಲೆರಡು ದಿನ ಹಸಿಹುಲ್ಲು, ಈಗ ಲವಂಗ, ಅದರ ಹಿಂದೆ ಒಂದು ಸಿಹಿ ಎಂದೆ.
"ಎಂಥ ಸಿಹಿ?"
ತಡಕಾಡಿದೆ. "ಸ್ಕೂಲಿಂದ ಬಂದು ನಿನ್ನ ಹೆಗಲಿಗೆ ಮುಖ ಒತ್ಕೊಂಡು ಅಳ್ತಿದ್ದೆ ನೋಡು. ಆಗ ಬರ್ತಿತ್ತಲ್ಲ, ಅದು."
ಅವಳ ಕಣ್ಣಂಚಿನ ನೀರು ಕಿವಿಯತ್ತ ಇಳಿಯಿತು. ಒರೆಸಿಕೊಳ್ಳಲೂ ಇಲ್ಲ.

ಮಾರ್ಚ್ 16
ಮೂಲೆಯ ಎಲೆಗಳಲ್ಲಿ ಮುಗ್ಗಲು ವಾಸನೆ ಇದೆ ಅನಿಸಿತು. ತೆಗೆದು ಬಿಸಾಡಿ, ಉಳಿದದ್ದನ್ನು ಕೈಯಿಂದಲೇ ತಿರುವಿದೆ. ಭಟ್ಟಿಗೆ ಇಳಿಸಲಾ, ಇನ್ನೂ ಬಿಡಲಾ? ಅಕ್ಕನನ್ನು ಕೇಳಿದರೆ ತಲೆ ಅಲ್ಲಾಡಿಸಿದಳು. "ನೀನೇ ಹೇಳ್ಬೇಕು."
ಇಷ್ಟು ವರ್ಷ ಹೇಳಿದ್ದು ಅವಳು, ಮಾಡಿದ್ದು ನಾನು. ಕಾಂಡ ಮುರಿದೆ. ಟಕ್ಕೆಂದಿತು. ಇವತ್ತೇ ಎಂದೆ.

ಮಾರ್ಚ್ 17
ಎಣ್ಣೆ ತಿಳಿಹಳದಿ. ನೀರಿನ ಮೇಲೆ ದಪ್ಪನೆ ಪದರ. ಭಾವ ಸೀಸೆಯನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದರು. ಆಮೇಲೆ ಹೋಗಿ ಡ್ರೈಯರ್‌ನ ಪ್ಲಗ್ ಕಿತ್ತರು.

ಮಾರ್ಚ್ 20
ಸಾಬೂನಮ್ಮ ತಾವೇ ಬಂದರು. ಮುಚ್ಚಳ ತೆಗೆದು ಮೂಸಿದರು, ಮತ್ತೆ ಮತ್ತೆ ಮೂಸಿದರು. ಇನ್ನು ಮುಂದೆ ಇದೇ ಬೇಕಂತೆ. ಎಲೆಯನ್ನು ಯಾರು ಒಣಗಿಸಿದ್ದು ಎಂದು ಕೇಳಿದರು.
"ನನ್ನ ತಂಗಿ," ಎಂದಳು ಅಕ್ಕ. ಭಾವನ ಎದುರೇ. "ನಂಗೆ ಮೂಗು ಹೋಗಿದೆ."
ಭಾವ ಅಕ್ಕನ ಕಡೆ ನೋಡಿದರು. "ಗೊತ್ತಿತ್ತು. ನೀನೇ ಹೇಳ್ಲಿ ಅಂತ ಇದ್ದೆ."

ಏಪ್ರಿಲ್ 11, ಸಂಜೆ
ಹೊಸ ಕೊಯ್ಲು ಅಟ್ಟ ಸೇರಿದೆ. ಅಕ್ಕನಿಗೆ ಇನ್ನೂ ವಾಸನೆ ಏನೂ ಗೊತ್ತಾಗುವುದಿಲ್ಲ. ಆದರೂ ದಿನಾ ಹತ್ತಿ ಬರುತ್ತಾಳೆ, ಮಲಗುತ್ತಾಳೆ, ಹೇಳು ಎನ್ನುತ್ತಾಳೆ. ಈಗಲೂ ಮೇಲಿಂದ ಕರೆಯುತ್ತಿದ್ದಾಳೆ. ಬಂದೆ ಎಂದೆ. ಮಾತು ಸಿಗುತ್ತದೋ ಎಂದು ಇಲ್ಲೇ ಬರೆದು ನೋಡುತ್ತಿದ್ದೇನೆ. ಇವತ್ತು ಮೊದಲು ತಣ್ಣಗೆ, ಗಂಟಲವರೆಗೆ. ಆಮೇಲೆ ಸ್ವಲ್ಪ ಕಾರ. ಅದೂ ಕರಗಿ ಕೊನೆಯಲ್ಲಿ ಒಂದು —