ನೂರನಲವತ್ತೆರಡನೇ ಪುಟ

ವೆಂಡ್‌ಲಿಂಗ್, ನೆಬ್ರಾಸ್ಕಾ
೧೧ ಮಾರ್ಚ್ ೧೯೫೬, ಭಾನುವಾರ

ನನ್ನ ಮುದ್ದಿನ ರೈನ್‌ಹೋಲ್ಟ್,

ಕೆಮ್ಮು ಹೇಗಿದೆ? ಲೊರೇನ್ ಬರೆದ ಕಾರ್ಡಿನಲ್ಲಿ 'ಪರವಾಗಿಲ್ಲ ಅತ್ತೆ' ಎಂದಿತ್ತು. ಸೊಸೆ ಬಂಗಾರದಂಥವಳು, ಆದರೆ ನಿನ್ನ ಆರೋಗ್ಯದ ಬಗ್ಗೆ ಅವಳು ಹೇಳುವುದು ಸರ್ಕಾರದ ಪ್ರಕಟಣೆ ಇದ್ದ ಹಾಗೆ, ಅರ್ಧ ಕಳೆದೇ ಓದಬೇಕು. ನಲವತ್ತಾರು ವರ್ಷದವನಿಗೆ ಹೇಳಿಸಿಕೊಳ್ಳಲು ನಾಚಿಕೆಯಾದರೂ ಸರಿ, ಎದೆಗೆ ಬಾತುಕೋಳಿಯ ಕೊಬ್ಬು ಸವರಿಕೊಂಡು ಮಲಗು. ನನ್ನ ಮಂಡಿನೋವಿಗೂ ನನ್ನ ಜೊತೆಗೇ ವಯಸ್ಸಾಗುತ್ತಿದೆ. ಅದು ಬಿಟ್ಟರೆ ಗಟ್ಟಿಯಾಗಿದ್ದೇನೆ.

ನೀನು ಕಳಿಸಿದ ಹೊಸ ಪುಸ್ತಕದ ಕರಡಚ್ಚಿನ ಕಟ್ಟು ಮಂಗಳವಾರ ಬಂತು. ಅಂಚೆಯ ಹುಡುಗಿ ಅದನ್ನು ಎರಡೂ ಕೈಯಲ್ಲಿ ತೂಗಿ ನೋಡಿ, "ಅಂಚೆ ಇಲಾಖೆನೇ ಮುಚ್ಚಬೇಕು ಅಂತ ಬರೀತಾರಲ್ಲ ನಿಮ್ಮ ಮಗ, ಇದನ್ನ ಪಾರಿವಾಳದ ಕಾಲಿಗೆ ಕಟ್ಟಿ ಕಳಿಸಬಾರದಿತ್ತಾ?" ಎಂದಳು. "ಬಾಯಿ ಜಾಸ್ತಿ ಆಯ್ತು, ಮುಂದಿನ ಪುಸ್ತಕದಲ್ಲಿ ನಿನ್ನ ಹೆಸರೂ ಬರುತ್ತೆ ನೋಡು" ಎಂದು ನಾನೂ ಬಿಡಲಿಲ್ಲ. ಈ ಊರಿನಲ್ಲಿ ನಿನ್ನ ಪುಸ್ತಕ ಓದಿದವರು ನಾಲ್ಕು ಜನವಾದರೆ, ಬೈಯುವವರು ನಾನೂರು. ಮೊದಲನೇ ಮಹಾಯುದ್ಧಕ್ಕೆ ದೊಡ್ಡವರು ಸುಳ್ಳು ಹೇಳಿ ಮಕ್ಕಳನ್ನು ಕಳಿಸಿದರು ಎಂದು ನೀನು ಬರೆದದ್ದು, ಮಕ್ಕಳನ್ನು ಕಳಿಸಿದವರಿಗೆ ಹೇಗೆ ಹಿಡಿಸೀತು, ಹೇಳು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ನಿನ್ನ ಹಟವೂ ಅರ್ಥವಾಗುತ್ತದೆ.

ಏಳನೇ ಅಧ್ಯಾಯ ನಮ್ಮೂರಿನದೇ ಆದ್ದರಿಂದ ತಪ್ಪಿದ್ದರೆ ಗುರುತು ಹಾಕಿ ಹದಿನಾರರ ಶುಕ್ರವಾರದೊಳಗೆ ಕಳಿಸು, ಅಚ್ಚಾದ ಮೇಲೆ ತಿದ್ದಲಾಗದು ಎಂದಿದ್ದೀಯ. ಭೂತಗನ್ನಡಿ ಹಿಡಿದು ನಾಲ್ಕು ದಿನ ಕೂತೆ. ೧೯೧೮ರ ಆ ಏಪ್ರಿಲ್ ಸಂಜೆ, ಜರ್ಮನ್ ಮೂಲದ ನಿಮ್ಮಪ್ಪ ಮಂಡಿಯೂರಿ ಅಮೆರಿಕದ ಬಾವುಟಕ್ಕೆ ಮುತ್ತಿಡಲಿ ಎಂದು ನಮ್ಮ ಅಂಗಳಕ್ಕೆ ಬಂದವರು ಹನ್ನೊಂದು ಜನ ಅಲ್ಲ, ಒಂಬತ್ತು. ಅವರು ಹಳದಿ ಬಣ್ಣ ಬಳಿದದ್ದು ಕೊಟ್ಟಿಗೆಗೆಲ್ಲ ಅಲ್ಲ, ಅದರ ಬಾಗಿಲಿಗೆ ಮಾತ್ರ. ಜರ್ಮನಿಯ ಮೇಲೆ ಯುದ್ಧ ನಡೆದಿದ್ದ ಆ ವರ್ಷ ನಮ್ಮನ್ನು ದ್ರೋಹಿಗಳೆನ್ನಲು ಅಷ್ಟೇ ಸಾಕಾಗಿತ್ತು. 'ಊರೆಲ್ಲ ನೋಡಲಿ ಎಂದು ಅಪ್ಪ ಆ ಹಳದಿಯನ್ನು ಹಾಗೇ ಬಿಟ್ಟರು' ಎಂದು ಚೆಂದವಾಗಿ ಬರೆದಿದ್ದೀಯ. ನಿಮ್ಮಪ್ಪ ಮರುವಾರವೇ ಬಾಗಿಲು ಕಿತ್ತು ಒಳಹೊರಗು ಮಾಡಿ ಕೂರಿಸಿದರು, ಮಗಾ. ಆಮೇಲೆ ಹದಿನಾಲ್ಕು ವರ್ಷ ಆ ಹಳದಿಯನ್ನು ನೋಡಿದ್ದು ಹಸುಗಳು ಮಾತ್ರ. ಆಗ ನಿನಗೆ ದಡಾರ. ಕಣ್ಣಿಗೆ ಬೆಳಕು ತಾಗಬಾರದೆಂದು ಮಹಡಿಯ ಕಿಟಕಿಗೆ ಕಂಬಳಿ ಹೊಡೆದು ಮಲಗಿಸಿದ್ದೆ. ನೀನು ಏನನ್ನೂ ನೋಡಿಲ್ಲ. ಎಲ್ಲ ನಾನು ಹೇಳಿದ್ದೇ.

ಆರ್ವಿಲ್ ಟೇಟಮ್‌ನ ಹೆಸರು ಹಾಕಲೇ ಎಂದು ಕೇಳಿದ್ದೀಯ. ಆ ಒಂಬತ್ತರಲ್ಲಿ ಅವನಿದ್ದದ್ದು ನಿಜ. ಆಗ ಅವನಿಗೆ ಇಪ್ಪತ್ತು ವರ್ಷ, ಕೈಯಲ್ಲಿ ಬಣ್ಣದ ಡಬ್ಬಿ. ನಿಮ್ಮಪ್ಪ ಹೋದ ಮೇಲೆ ಪ್ರತಿ ಚಳಿಗಾಲವೂ ನಮ್ಮ ದಾರಿಯ ಹಿಮ ಎತ್ತಿದವನೂ ಅವನೇ. ಗುರುವಾರ ಕಾಫಿಗೆ ಬಂದವನು ಮೇಜಿನ ಮೇಲಿನ ಕಟ್ಟು ನೋಡಿದ. "ಏನಮ್ಮಾ, ಈ ಸಲ ಯಾವ ಅಧ್ಯಕ್ಷರನ್ನ ನೇಣಿಗೆ ಹಾಕಿದಾನೆ ನಿಮ್ಮ ಮಗ?" ಎಂದು ನಕ್ಕ. ಆಮೇಲೆ ಮೆಲ್ಲಗೆ, "ನಾನಿದ್ದೀನಾ ಇದರಲ್ಲಿ?" ಎಂದ. ಇದ್ದೀಯ ಎಂದೆ. ತಟ್ಟೆಯಲ್ಲಿದ್ದ ಸೇಬಿನ ಕೇಕನ್ನು ಪೂರ್ತಿ ತಿಂದು, "ಇರ್ಲಿ ಬಿಡಿ, ಬಂದಿದ್ದಂತೂ ಹೌದಲ್ಲ" ಎಂದಷ್ಟೇ ಹೇಳಿ ಟೊಪ್ಪಿಗೆ ಎತ್ತಿಕೊಂಡು ಹೋದ.

ಆರು ವರ್ಷದ ಹಿಂದೆ ನೀನು ಸರ್ಕಾರಕ್ಕೆ ನಿಷ್ಠನೆಂದು ಬರೆದುಕೊಡುವ ಪತ್ರಕ್ಕೆ ಸಹಿ ಹಾಕದೆ ವಿಶ್ವವಿದ್ಯಾಲಯದ ಕೆಲಸ ಬಿಟ್ಟು ಬಂದ ದಿನ ನೆನಪಾಗುತ್ತಿದೆ. ಲೊರೇನ್ ಈ ಅಡುಗೆಮನೆಯಲ್ಲೇ ಕೂತು ಅತ್ತಳು. ನೀನು ಮಾತ್ರ, "ಅಪ್ಪ ಬಾವುಟಕ್ಕೆ ಮಂಡಿಯೂರಲಿಲ್ಲ, ನಾನು ಕಾಗದಕ್ಕೆ ಯಾಕಮ್ಮಾ ಬಗ್ಗಲಿ?" ಎಂದೆ. ನನಗೆ ಹೆಮ್ಮೆಯೂ ಆಯಿತು, ಭಯವೂ ಆಯಿತು. ನಿನಗೆ ಬಡಿಸುತ್ತಿದ್ದ ಸೂಪು ಚೆಲ್ಲಿದೆನಲ್ಲ, ಅಮ್ಮನಿಗೆ ವಯಸ್ಸಾಯಿತು ಎಂದು ನೀನು ತಿಳಿದುಕೊಂಡೆ.

ತಿದ್ದಿದ ಹಾಳೆಗಳನ್ನು ನಾಳೆ ಕಳಿಸುತ್ತೇನೆ. ಲೊರೇನ್‌ಗೆ ನನ್ನ ಮುತ್ತು. ದೇವರು ನಿನ್ನ ಕಣ್ಣನ್ನೂ ಎದೆಯನ್ನೂ ಕಾಪಾಡಲಿ, ನಾಲಿಗೆಯನ್ನು ನೀನೇ ಕಾಪಾಡಿಕೊ.

ಬೈದರೂ ಹರಸುವ ನಿನ್ನ ಅಮ್ಮ,
ಅಡೆಲ್‌ಹೈಡ್ ಡೀರ್ಕ್ಸ್

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದ್ದೇನೆ. ಕಟ್ಟಿನಲ್ಲಿ ೧೪೨ನೇ ಪುಟ ಹುಡುಕಬೇಡ, ಅದು ಈ ಪತ್ರದ ಜೊತೆಗಿದೆ. 'ಗಾಟ್‌ಲೀಬ್ ಡೀರ್ಕ್ಸ್ ಮಂಡಿಯೂರಲಿಲ್ಲ' ಎಂಬ ಸಾಲು ಹೊಡೆದುಹಾಕಿದ್ದೇನೆ. ನಿಮ್ಮಪ್ಪ ಮಂಡಿಯೂರಿದರು, ಮಗಾ. ಬಾವುಟಕ್ಕೆ ಮುತ್ತಿಟ್ಟರು. ಮೊದಲು ಇಡಲೊಲ್ಲದೆ ನಿಂತೇ ಇದ್ದರು, ಮನೆಯೊಳಗೆ ನುಗ್ಗುತ್ತೇವೆ ಎಂದು ಆ ಜನ ಕೂಗಿದಾಗ ಬಾಗಿಲಲ್ಲಿ ನಿಂತು ನಾನೇ ಹೇಳಿದೆ: "ಬಟ್ಟೆ ತಾನೆ, ಮುತ್ತಿಟ್ಟು ಒಳಗೆ ಬನ್ನಿ, ಮೇಲೆ ಮಗು ಮಲಗಿದೆ." ಮಂಡಿಯೂರಿದ ನಿಮ್ಮಪ್ಪನಿಗೆ ಎದ್ದೇಳಲಾಗಲಿಲ್ಲ. ಕೈಕೊಟ್ಟು ಎಬ್ಬಿಸಿ, ಬಿದ್ದಿದ್ದ ಟೊಪ್ಪಿಗೆಯ ಮಣ್ಣು ಒರೆಸಿ ಕೊಟ್ಟವನು ಆರ್ವಿಲ್. ಅವನ ಹೆಸರು ಹಾಕುವುದಾದರೆ ಅದನ್ನೂ ಹಾಕು. ಬೆಳಿಗ್ಗೆ, ಕೂಗಾಟವನ್ನಷ್ಟೇ ಕೇಳಿಸಿಕೊಂಡಿದ್ದ ನೀನು "ಅಪ್ಪಾ, ಮುತ್ತಿಟ್ರಾ?" ಎಂದೆ. ಅವರು ಬಾಯಿ ತೆರೆಯುವ ಮೊದಲೇ ನಾನು ಇಲ್ಲ ಎಂದುಬಿಟ್ಟೆ. ಅವರು ನನ್ನ ಮುಖ ನೋಡಿದರು, ಆಮೇಲೆ ಸಾಯುವವರೆಗೂ ಆ ಮಾತೆತ್ತಲಿಲ್ಲ. ನೀನು ಸಹಿ ಹಾಕದೆ ಬಂದದ್ದು ನನ್ನ ಸುಳ್ಳನ್ನು ನಂಬಿ. ಆದರೆ ಬಗ್ಗದೆ ನಿಂತದ್ದು ನೀನೇ. ಅದು ಅಪ್ಪನಿಂದ ಬಂದದ್ದಲ್ಲ, ನಿನ್ನದೇ. ಹೇಳುವವರಿಗೆ ಲಾಭವಿದ್ದರೆ ಆ ಮಾತನ್ನು ಮೂರು ಸಲ ಒರೆಗೆ ಹಚ್ಚಬೇಕು ಎಂದು ಮುನ್ನುಡಿಯಲ್ಲಿ ಬರೆದಿದ್ದೀಯ. ಆದರೆ ಈ ಪುಟದ ಅಡಿಟಿಪ್ಪಣಿಯಲ್ಲಿ 'ಆಧಾರ: ಲೇಖಕನ ತಾಯಿ' ಎಂದಷ್ಟೇ ಹಾಕಿ ಮುಂದೆ ಹೋಗಿದ್ದೀಯ. ಅಮ್ಮನಿಗೇನು ಲಾಭ ಎಂದುಕೊಂಡೆಯಾ? ಮೂವತ್ತೆಂಟು ವರ್ಷ ನೀನು ನಿಮ್ಮಪ್ಪನನ್ನು ತಲೆಯೆತ್ತಿ ನೋಡಿದೆಯಲ್ಲ, ಅದೇ ನನ್ನ ಲಾಭ. ಪುಟ ತಿದ್ದು. ಅವರನ್ನು ಮಾತ್ರ ಮೊದಲಿನ ಹಾಗೇ ನೋಡು.